ಕಡಲುಗಳ್ಳನಿಗೆ ಕುಲವೇಕೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಕಥೆಯನ್ನು ಕೇಳಿ ಸುಮ್ಮನಿರುವುದು ಮನುಷ್ಯನ ಸ್ವಭಾವವಲ್ಲ. ಕೇಳಿದ ಮೇಲೆ ಅದರ ವೀರರನ್ನು ತಕ್ಕಡಿಯಲ್ಲಿಟ್ಟು ತೂಗುವುದು, ಇವನು ಹೆಚ್ಚೋ ಅವನು ಹೆಚ್ಚೋ ಎಂದು ವಾದಿಸುವುದು, ಇದೂ ಕಥೆಯ ಸವಿಯಲ್ಲಿ ಒಂದು ಭಾಗವೇ ಸರಿ. ಕನ್ನಡಿಗರಾದ ನಮಗಂತೂ ಇದು ಹೊಸ ಚಟವಲ್ಲ. ಪಂಪ ಮಹಾಕವಿಯು ಕ್ರಿ.ಶ. 941ರಲ್ಲಿ ಭಾರತವನ್ನು ಹೇಳುವಾಗ ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿ, ಅರ್ಜುನನನ್ನೇ ಕಥಾನಾಯಕನನ್ನಾಗಿ ಮಾಡಿದನು. ಅದೇ ಶತಮಾನದ ಕೊನೆಯ ಭಾಗದಲ್ಲಿ ರನ್ನನು ತನ್ನ ಪ್ರಭುವಾದ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡು, ಬಿಲ್ಲಿಗಿಂತ ಗದೆಯನ್ನು ಮೇಲೆತ್ತಿ ಹಿಡಿದನು. ಕವಿಗಳೇ ಹೀಗೆ ಪಕ್ಷ ಹಿಡಿದ ಮೇಲೆ ಕೇಳುವವರು ಸುಮ್ಮನಿರುವುದುಂಟೆ? ಕರ್ಣನೋ ಅರ್ಜುನನೋ ಎಂಬ ವಾದವು ನಮ್ಮ ಊರಕಟ್ಟೆಗಳ ಮೇಲೆ ಇಂದಿಗೂ ತೀರ್ಮಾನವಾಗಿಲ್ಲ.

ಇಂದು ನಮ್ಮ ಕಾಲೇಜಿನ ಹುಡುಗರು ತೂಗುತ್ತಿರುವ ವೀರರು ಬೇರೆ. ಹರಿಹರದಿಂದ ದಾವಣಗೆರೆಗೆ ಸುಮಾರು ಹದಿನಾಲ್ಕು ಕಿಲೋಮೀಟರು. ಈ ದಾರಿಯಲ್ಲಿ ಬೆಳಗಿನ ಬಸ್ಸಿನ ಹಿಂದಿನ ಸೀಟುಗಳಲ್ಲಿ ನಡೆಯುವ ವಾಗ್ಯುದ್ಧದ ವಿಷಯವು ಜಪಾನಿನ ಒಂದು ಕಡಲುಗಳ್ಳರ ಕಥೆ. ಅದರ ಹೆಸರು 'ಒನ್ ಪೀಸ್'. ಎಯಿಚಿರೊ ಓಡ ಎಂಬ ಚಿತ್ರಕಾರನು 1997ರ ಜುಲೈ ತಿಂಗಳಲ್ಲಿ ಇದನ್ನು ಒಂದು ವಾರಪತ್ರಿಕೆಯಲ್ಲಿ ಬರೆಯಲಾರಂಭಿಸಿದನು. ಅದರ ಮರುತಿಂಗಳು, ಆಗಸ್ಟ್ 15ರಂದು, ನಮ್ಮ ದಾವಣಗೆರೆ ಜಿಲ್ಲೆ ಹುಟ್ಟಿತು. ನಮ್ಮ ಜಿಲ್ಲೆಯೂ ಈ ಕಥೆಯೂ ಒಂದೇ ವಾರಗೆಯವು ಎಂದರೆ ತಪ್ಪಾಗದು. 1999ರಿಂದ ಇದು ಚಲಿಸುವ ಚಿತ್ರಗಳಾಗಿ, ಅಂದರೆ ಅನಿಮೆಯಾಗಿ, ಬರುತ್ತಿದ್ದು ಸಾವಿರದ ನೂರಕ್ಕೂ ಹೆಚ್ಚು ಕಂತುಗಳನ್ನು ದಾಟಿದೆ. ರಬ್ಬರಿನಂತೆ ಹಿಗ್ಗುವ ಮೈಯುಳ್ಳ ಲೂಫಿ ಎಂಬ ಹುಡುಗನು ಸಂಗಡಿಗರನ್ನು ಕೂಡಿಸಿಕೊಂಡು, ಕಡಲುಗಳ್ಳರ ಅರಸನಾಗಬೇಕೆಂದು ಹೊರಡುವುದೇ ಇದರ ವಸ್ತು. ನಮ್ಮವರು ಇಂಗ್ಲಿಷ್ ಅಡಿಬರಹಗಳನ್ನು ಓದಿಕೊಂಡು ಇದನ್ನು ಮೊಬೈಲಿನಲ್ಲಿ ನೋಡುತ್ತಾರೆ. ಪಠ್ಯಪುಸ್ತಕದ ಇಂಗ್ಲಿಷಿಗೆ ಬೆವರುವವರು ಇಲ್ಲಿ ತಡವರಿಸದೆ ಓದುವುದನ್ನು ನಾನು ಕಂಡಿದ್ದೇನೆ.

ವಾದದಲ್ಲಿ ಎರಡು ಪಕ್ಷಗಳಿವೆ. ಬಲವು ರಕ್ತದಿಂದ ಬರುತ್ತದೆ ಎಂಬುದು ಒಂದು ಪಕ್ಷ. ಬೆವರಿನಿಂದ ಬರುತ್ತದೆ ಎಂಬುದು ಇನ್ನೊಂದು. ಕೇಳುವವರಿಗೆ ಇದು ಹುಡುಗಾಟವೆಂದು ತೋರಬಹುದು. ಆದರೆ ಈ ಪ್ರಶ್ನೆಯು ಕಡಲಿಗಿಂತ ನಮ್ಮ ನೆಲಕ್ಕೇ ಹೆಚ್ಚು ಸಂಬಂಧಿಸಿದ್ದು. ಆದುದರಿಂದಲೇ ಈ ವಾರ್ಷಿಕ ಸಂಚಿಕೆಯಲ್ಲಿ ನಾನು ಇದನ್ನು ಎತ್ತಿಕೊಂಡಿದ್ದೇನೆ.

ರಕ್ತಪಕ್ಷದವರ ಕೈಯಲ್ಲಿ ಸಾಕ್ಷಿಗಳಿಲ್ಲವೆಂದಲ್ಲ. ಲೂಫಿಯ ತಾತ ಗಾರ್ಪ್ ನೌಕಾಸೇನೆಯ ವೀರ. ತಂದೆ ಡ್ರ್ಯಾಗನ್ ಲೋಕವನ್ನೇ ನಡುಗಿಸುವ ಕ್ರಾಂತಿಕಾರಿಗಳ ನಾಯಕ. ಅವರ ಹೆಸರುಗಳ ನಡುವೆ 'ಡಿ' ಎಂಬ ಒಂದಕ್ಷರವಿದ್ದು, ಅದನ್ನು ಹೊತ್ತವರೆಲ್ಲ ಅಸಾಧಾರಣರೆಂದು ಕಥೆಯಲ್ಲೇ ಪ್ರತೀತಿ. ನಮ್ಮ ಕಡೆಯ ಇನಿಷಿಯಲ್ಲು ಊರನ್ನೋ ತಂದೆಯನ್ನೋ ಹೇಳಿ ಸುಮ್ಮನಾಗುತ್ತದೆ. ಆ ಒಂದಕ್ಷರವು ಮಾತ್ರ ಇಷ್ಟು ವರ್ಷಗಳಿಂದ ಓದುಗರ ನಿದ್ದೆ ಕೆಡಿಸಿದೆ! ಇದು ಸಾಲದೆಂಬಂತೆ 2022ರಲ್ಲಿ, ಲೂಫಿ ಬಾಲ್ಯದಲ್ಲಿ ತಿಂದ ಹಣ್ಣು ಸಾಮಾನ್ಯ ರಬ್ಬರಿನ ಹಣ್ಣಲ್ಲ, ಒಬ್ಬ ಸೂರ್ಯದೇವನ ಶಕ್ತಿಯ ಹಣ್ಣು ಎಂದು ಕರ್ತೃವು ಬಯಲು ಮಾಡಿದನು. ಬೆವರುಪಕ್ಷದ ಎಷ್ಟೋ ಹುಡುಗರು ಅಂದು ಮುಖ ಬಾಡಿಸಿಕೊಂಡರು. ನಮ್ಮಂಥವನೊಬ್ಬ ಗೆಲ್ಲುತ್ತಾನೆಂದು ನಂಬಿದ್ದೆವು, ಕೊನೆಗೆ ಇವನೂ ದೊಡ್ಡವರ ಮನೆಯವನೇ ಆದನಲ್ಲ ಎಂಬುದು ಅವರ ಕೊರಗು.

ನನಗೆ ರಕ್ತಪಕ್ಷದ ವಾದದಲ್ಲಿ ಒಂದು ದೊಡ್ಡ ದೋಷ ಕಾಣುತ್ತದೆ. ಅವರು ಮೊದಲು ಒಬ್ಬನ ಬಲವನ್ನು ನೋಡಿ, ಇವನು ಯಾರೋ ದೊಡ್ಡವನ ಮಗನಿರಬೇಕೆಂದು ಊಹಿಸುತ್ತಾರೆ. ಆಮೇಲೆ ಆ ವಂಶವನ್ನೇ ಬಲಕ್ಕೆ ಕಾರಣವೆಂದು ಹೇಳುತ್ತಾರೆ. ಗಾಣದೆತ್ತಿನಂತೆ ಸುತ್ತಿದ ಕಡೆಯೇ ಸುತ್ತುವ ತರ್ಕವಿದು. ನಮ್ಮ ಲಕ್ಷ್ಮೀಶ ಕವಿಯು ಜೈಮಿನಿ ಭಾರತದಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾನೆ. ಬಭ್ರುವಾಹನನು ಅರ್ಜುನನೇ ತನ್ನ ತಂದೆಯೆಂದು ತಿಳಿದು, ಕಟ್ಟಿದ ಯಜ್ಞದ ಕುದುರೆಯನ್ನೂ ಕಾಣಿಕೆಯನ್ನೂ ತಂದು ಕಾಲಿಗೆರಗಿದರೆ, ಅರ್ಜುನನು ಅವನನ್ನು ಒದೆಯುತ್ತಾನೆ. ನನ್ನ ಮಗನಾದವನು ಯುದ್ಧ ಮಾಡದೆ ಹೀಗೆ ತಲೆಬಾಗುವನೇ ಎಂಬುದು ಅವನ ವಾದ. ಅದೇ ಹುಡುಗನು ಬಾಣದಿಂದ ತಂದೆಯನ್ನು ಕೆಡಹಿದ ಮೇಲೆ ಮಗನಾಗುತ್ತಾನೆ! ವಿನಯದಿಂದ ಬಂದಾಗ ಇಲ್ಲದ ವಂಶವು ಗೆದ್ದಾಗ ಎಲ್ಲಿಂದ ಬಂತು? 1977ರ 'ಬಭ್ರುವಾಹನ' ಚಿತ್ರದಲ್ಲಿ ಡಾ. ರಾಜಕುಮಾರ್ ಅವರು ತಂದೆ ಮಗ ಎರಡೂ ಪಾತ್ರಗಳನ್ನು ವಹಿಸಿದ್ದನ್ನು ನಮ್ಮ ಹಿರಿಯರು ಇನ್ನೂ ಕೊಂಡಾಡುತ್ತಾರೆ. ಅವರು ಚಪ್ಪಾಳೆ ತಟ್ಟಿದ್ದು ಮಗನಿಗೇ ಎಂದು ನಾನು ಬಲ್ಲೆ.

ಈ ತರ್ಕವು ಕಥೆಯೊಳಗೆ ಮಾತ್ರ ಇದ್ದಿದ್ದರೆ ಚಿಂತೆಯಿರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ತಂದೆಯವರು ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರು. ತಾಯಿಯವರದು ಹೆಬ್ಬೆಟ್ಟಿನ ಸಹಿ. ನಾನು ಪಿ.ಯು.ಸಿ.ಯಲ್ಲಿ ಪ್ರಥಮ ದರ್ಜೆ ಪಡೆದಾಗ ಬಂಧುಗಳೊಬ್ಬರು, 'ಇವನ ಮುತ್ತಜ್ಜ ಲೆಕ್ಕ ಬರೀತಿದ್ದನಂತೆ, ಅದು ಎಲ್ಲಿಗೆ ಹೋಗ್ತೈತೆ' ಎಂದರು. ಅಂಥ ಮುತ್ತಜ್ಜನ ಸುದ್ದಿಯನ್ನು ಅದುವರೆಗೆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನನ್ನ ಅಂಕಗಳಿಗೆ ಒಬ್ಬ ಪೂರ್ವಜನನ್ನು ಹುಟ್ಟಿಸಲೇಬೇಕಾಯಿತು! ಅವರು ಪ್ರೀತಿಯಿಂದಲೇ ಹೇಳಿದರು. ಆದರೆ ಒಂದು ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತಾಗ, 'ಮನೆಯಲ್ಲಿ ಓದಿದವರು ಯಾರಿದ್ದಾರೆ?' ಎಂದು ಕೇಳಿ, ಯಾರೂ ಇಲ್ಲವೆಂದಾಗ ಕಾಗದವನ್ನು ಪಕ್ಕಕ್ಕೆ ಸರಿಸಿದವರ ಮನಸ್ಸಿನಲ್ಲಿದ್ದದ್ದೂ ಇದೇ ತರ್ಕ. ಪ್ರೀತಿಗೂ ತಿರಸ್ಕಾರಕ್ಕೂ ಬುಡ ಒಂದೇ ಆಗಿರುವುದು ಎಂಥ ವಿಚಿತ್ರ!

ಇನ್ನು ಕಥೆಯೇ ವಂಶದ ವಿಷಯದಲ್ಲಿ ಏನು ಹೇಳುತ್ತದೆ ನೋಡೋಣ. ಅಲ್ಲಿ ಎಲ್ಲರಿಗಿಂತ ಉಚ್ಚ ಕುಲದವರು 'ದಿವ್ಯ ನಾಗರು' ಎಂಬರ್ಥದ ಹೆಸರುಳ್ಳ ಶ್ರೀಮಂತರು. ಎಂಟುನೂರು ವರ್ಷಗಳ ಹಿಂದೆ ಲೋಕಸರ್ಕಾರವನ್ನು ಸ್ಥಾಪಿಸಿದ ಅರಸರ ಸಂತತಿ ಅವರದು. ಜನಸಾಮಾನ್ಯರು ಉಸಿರಾಡಿದ ಗಾಳಿಯನ್ನು ತಾವು ಉಸಿರಾಡಬಾರದೆಂದು ತಲೆಗೆ ಗುಳ್ಳೆಯಂಥ ಮುಸುಕನ್ನು ಹಾಕಿಕೊಂಡು ತಿರುಗುತ್ತಾರೆ, ದಾರಿಯಲ್ಲಿದ್ದವರು ಮಂಡಿಯೂರಬೇಕು. ಮಡಿಯ ಹೆಸರಿನಲ್ಲಿ ನೆರಳಿಗೂ ಹೇಸಿದ ನಾಡಿನಲ್ಲಿ ಹುಟ್ಟಿದ ನಮಗೆ ಈ ಚಿತ್ರವನ್ನು ಯಾರೂ ವಿವರಿಸಬೇಕಾಗಿಲ್ಲ. ಅವರಲ್ಲೊಬ್ಬನು ಲೂಫಿಯ ಒಂದೇ ಗುದ್ದಿಗೆ ಬಿದ್ದುಹೋಗುತ್ತಾನೆ. ಬಲವು ಕುಲದಿಂದಲೇ ಬರುವುದಾಗಿದ್ದರೆ ಹೀಗಾಗುತ್ತಿತ್ತೇ?

ಏಸ್ ಎಂಬ ಇಪ್ಪತ್ತರ ತರುಣನ ಕಥೆ ಇನ್ನೂ ಮನಕಲಕುವಂಥದು. ಕಡಲುಗಳ್ಳರ ಅರಸನಾದ ರೋಜರನ ಮಗನೆಂಬ ಕಾರಣಕ್ಕೆ, ಅವನು ಹುಟ್ಟುವ ಮೊದಲೇ ಸರ್ಕಾರವು ಅವನನ್ನು ಹುಡುಕಿತು. ಬೆಳೆದ ಮೇಲೆ ಗಲ್ಲುಗಂಬದ ಕಟ್ಟೆಯ ಮೇಲೆ ಕೂರಿಸಿ ಅವನ ವಂಶವನ್ನು ಲೋಕಕ್ಕೆಲ್ಲ ಸಾರಿತು. ತಾನು ಹುಟ್ಟಿದ್ದೇ ಸರಿಯೋ ತಪ್ಪೋ ಎಂದು ಬಾಲ್ಯದಲ್ಲೇ ಕೇಳಿದ ಹುಡುಗನವನು. ದೊಡ್ಡ ವಂಶವೂ ಕೊರಳಿಗೆ ಕಲ್ಲಾಗಬಲ್ಲುದೆಂಬುದನ್ನು ರಕ್ತಪಕ್ಷದವರು ಏಕೋ ನೆನೆಯುವುದಿಲ್ಲ.

ಹಾಗಾದರೆ ನಾನು ಬೆವರುಪಕ್ಷದವನೇ? ಪೂರ್ತಿಯಾಗಿ ಅಲ್ಲ. ಯಾರ ಹಂಗೂ ಇಲ್ಲದೆ ತಾನೇ ತಾನಾಗಿ ಮೇಲೆ ಬಂದವನೊಬ್ಬನೂ ಈ ಕಥೆಯಲ್ಲಿಲ್ಲ, ಲೋಕದಲ್ಲಿಯೂ ಇಲ್ಲ. ವಂಶವೆಂಬುದು ಎರಡು ಬಗೆ, ಜನ್ಮದಿಂದ ಬಂದದ್ದು ಮತ್ತು ವಿದ್ಯೆಯಿಂದ ಬಂದದ್ದು ಎಂದು ಸಂಸ್ಕೃತದ ವೈಯಾಕರಣರು ಬಹು ಹಿಂದೆಯೇ ಹೇಳಿದ್ದಾರೆ. ತಂದೆಯಿಂದ ಮಗನಿಗೆ ಒಂದು ಎಳೆ, ಗುರುವಿನಿಂದ ಶಿಷ್ಯನಿಗೆ ಇನ್ನೊಂದು ಎಳೆ. ಬಸ್ಸಿನ ಜಗಳದಲ್ಲಿ ಎರಡು ಪಕ್ಷಗಳೂ ಮರೆತಿರುವುದು ಈ ಎರಡನೆಯ ಎಳೆಯನ್ನು.

ಗಾರ್ಪನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಜನ್ಮದಿಂದ ಅವನ ಮೊಮ್ಮಗ ಲೂಫಿ. ಆದರೆ ಕೋಬಿ ಎಂಬ ಹುಡುಗನೂ ಒಬ್ಬನಿದ್ದಾನೆ. ಕಥೆಯ ಮೊದಲಲ್ಲಿ ಅವನು ಕಳ್ಳರ ಹಡಗಿನಲ್ಲಿ ಕಸ ಗುಡಿಸುತ್ತ ಅಳುತ್ತಿದ್ದವನು. ಅವನ ತಂದೆ ಯಾರೆಂದು ಯಾರೂ ಕೇಳುವುದಿಲ್ಲ. ಅವನನ್ನು ಗಾರ್ಪ್ ಶಿಷ್ಯನನ್ನಾಗಿ ಮಾಡಿಕೊಂಡು ಪಳಗಿಸುತ್ತಾನೆ; ಹುಡುಗನು ನೌಕಾಸೇನೆಯಲ್ಲಿ ಕ್ಯಾಪ್ಟನ್ ಪದವಿಗೇರುತ್ತಾನೆ. ಗಾರ್ಪನ ಮುಷ್ಟಿ ಈಗ ಇಬ್ಬರ ಕೈಯಲ್ಲಿಯೂ ಇದೆ. ಅಂತೆಯೇ ಸಾಂಜಿ. ಹೆತ್ತ ತಂದೆಯಾದ ಅರಸನು ಕೆಲಸಕ್ಕೆ ಬಾರದವನೆಂದು ಎಸೆದನು. ಝೆಫ್ ಎಂಬ ಬಾಣಸಿಗನು ಇವನನ್ನು ಉಳಿಸುವುದಕ್ಕಾಗಿ ತನ್ನ ಕಾಲನ್ನೇ ಕಳೆದುಕೊಂಡು, ಅಡಿಗೆಯನ್ನೂ ಒದೆತವನ್ನೂ ಕಲಿಸಿದನು. ಸಾಂಜಿ ಯಾರ ಮಗ? ನಾನು ಝೆಫ್‌ನ ಮಗನೆನ್ನುತ್ತೇನೆ.

ನಮ್ಮ ಕರ್ಣನ ದುರಂತವೂ ಇಲ್ಲಿಯೇ ಇದೆ. ಶಸ್ತ್ರಪರೀಕ್ಷೆಯ ದಿನ ಅವನ ಬಾಣಗಳನ್ನು ನೋಡದೆ ಕುಲವನ್ನು ಕೇಳಿದರು. ಜನ್ಮವಂಶದ ಬಾಗಿಲು ಮುಚ್ಚಿದ್ದ ಅವನು ವಿದ್ಯಾವಂಶದ ಬಾಗಿಲನ್ನು ತಟ್ಟಿದರೆ, ಪರಶುರಾಮರ ಬಳಿ ಅಲ್ಲಿಯೂ ಜನ್ಮವನ್ನೇ ಮರೆಮಾಚಬೇಕಾಯಿತು. ಅದಕ್ಕಾಗಿ ಶಾಪವನ್ನೂ ಹೊತ್ತನು. ಏಕಲವ್ಯನಿಗೆ ಮಣ್ಣಿನ ಗುರುವೇ ಗತಿಯಾಯಿತು, ಆಮೇಲೆ ಹೆಬ್ಬೆರಳೂ ಹೋಯಿತು. ಇವರಿಬ್ಬರಲ್ಲಿ ಬಲಕ್ಕೆ ಕೊರತೆಯಿರಲಿಲ್ಲ. ಜನ್ಮವನ್ನು ಕೇಳದೆ ಒಳಗೆ ಕರೆಯುವ ಒಂದು ಪಾಠಶಾಲೆಯ ಕೊರತೆಯಿತ್ತು.

ದೊಡ್ಡ ಉದಾಹರಣೆಗಳನ್ನು ಬಿಟ್ಟು ಒಂದು ಸಣ್ಣದನ್ನು ಹೇಳುತ್ತೇನೆ. ನಮ್ಮ ತಂದೆಯವರದು ಅಂಥ ದೊಡ್ಡ ಮೈಕಟ್ಟಲ್ಲ. ಚೀಲ ಹೊರುವುದಕ್ಕೆ ಬೇಕಾದದ್ದು ಬಲವಲ್ಲ, ಹದ ಎಂದು ಅವರು ಹೇಳುತ್ತಾರೆ. ಚೀಲವನ್ನು ಬೆನ್ನಿನ ಯಾವ ಭಾಗಕ್ಕೆ ತೆಗೆದುಕೊಳ್ಳಬೇಕು, ಮಂಡಿಯನ್ನು ಎಷ್ಟು ಬಗ್ಗಿಸಬೇಕು, ಲಾರಿಯ ಹಲಗೆಯ ಮೇಲೆ ಹೆಜ್ಜೆ ಹೇಗಿಡಬೇಕು ಎಂಬುದನ್ನು ಅವರಿಗೆ ಕಲಿಸಿದವರು ಬೇರೆ ಮನೆಯ, ಬೇರೆ ಮತದ ಒಬ್ಬ ಹಿರಿಯ ಹಮಾಲರು. ತಂದೆಯವರು ಇಂದಿಗೂ ಅವರನ್ನು 'ಉಸ್ತಾದರು' ಎಂದೇ ಕರೆಯುತ್ತಾರೆ. ವಿದ್ಯಾವಂಶವೆಂದರೆ ಇದಲ್ಲದೆ ಮತ್ತೇನು?

ಬಲವನ್ನು ಅಳೆಯುವ ಮಾನದ ವಿಷಯವಾಗಿಯೂ ಒಂದು ಮಾತು. ನಮ್ಮ ಹುಡುಗರು ವಾದದ ಕೊನೆಗೆ ತಲೆಬೆಲೆಯ ಅಂಕಿಗಳನ್ನು ಎತ್ತುತ್ತಾರೆ. ಲೂಫಿಯ ತಲೆಗೆ ಮೊದಲು ಕಟ್ಟಿದ ಬೆಲೆ 3 ಕೋಟಿ ಬೆರ್ರಿ. ಅದು ಬೆಳೆದು ಈಗ 300 ಕೋಟಿಯಾಗಿದೆ. ಆದರೆ ಕಾದಾಡಲು ಹೆದರುವ ಬಗ್ಗಿ ಎಂಬ ವಿದೂಷಕನ ಬೆಲೆ 318 ಕೋಟಿ 90 ಲಕ್ಷ! ಎಂಟು ವರ್ಷದ ಬಾಲೆ ರಾಬಿನಳ ತಲೆಗೆ 7 ಕೋಟಿ 90 ಲಕ್ಷವನ್ನು ಕಟ್ಟಿದ್ದು ಅವಳ ತೋಳ್ಬಲಕ್ಕಲ್ಲ. ಯಾರೂ ಓದಬಾರದೆಂದು ಸರ್ಕಾರ ನಿಷೇಧಿಸಿದ್ದ ಪುರಾತನ ಶಾಸನಗಳನ್ನು ಅವಳು ಓದಬಲ್ಲಳೆಂಬ ಭಯಕ್ಕೆ. ಅಂಕಿಯು ಹೇಳುವುದು ಬಲವನ್ನಲ್ಲ, ಬೆಲೆ ಕಟ್ಟುವವನ ಕಣ್ಣಿಗೆ ಬಿದ್ದದ್ದನ್ನು. ಪರೀಕ್ಷೆಯ ಅಂಕಪಟ್ಟಿ ಹಿಡಿದು ಕುಗ್ಗುವ ಮಿತ್ರರೂ ಬೀಗುವ ಮಿತ್ರರೂ ಇದನ್ನು ನೆನಪಿಡುವುದು ಲೇಸು. ಓದು ಬಲ್ಲ ಹುಡುಗಿಗೆ ಒಂದು ಸರ್ಕಾರವೇ ಹೆದರಿತೆಂಬುದನ್ನು ನಮ್ಮ ಸಹಪಾಠಿನಿಯರು ವಿಶೇಷವಾಗಿ ಗಮನಿಸಬೇಕು.

ಇನ್ನು ಝೋರೋ ಹೆಚ್ಚೋ ಸಾಂಜಿ ಹೆಚ್ಚೋ ಎಂಬ ಹಳೆಯ ಜಗಳ. ಇದಕ್ಕೆ ಹರಿಹರದವರು ಉತ್ತರ ಹುಡುಕಿ ಹೊರಗೆ ಹೋಗಬೇಕಾಗಿಲ್ಲ. ಹೊಯ್ಸಳ ನರಸಿಂಹನ ಮಂತ್ರಿ ಪೋಲಾಳ್ವನು 1224ರಲ್ಲಿ ತುಂಗಭದ್ರೆಯ ದಡದಲ್ಲಿ ಕಟ್ಟಿಸಿದ ಗುಡಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣುವಾದ ಮೂರ್ತಿ ನಿಂತಿದೆ. ಹರಿಯೊಬ್ಬನಿಂದಲೂ ಹರನೊಬ್ಬನಿಂದಲೂ ಸಾವಿಲ್ಲವೆಂಬ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾದರೆಂದು ಸ್ಥಳಪುರಾಣ. ಯಾರು ಹೆಚ್ಚೆಂದು ಇಬ್ಬರೂ ವಾದಿಸುತ್ತ ಕುಳಿತಿದ್ದರೆ ಅಸುರನು ಇಂದಿಗೂ ಬದುಕಿರುತ್ತಿದ್ದನು. ಲೂಫಿಯ ಹಡಗೂ ಅಷ್ಟೇ. ಖಡ್ಗಧಾರಿಯೂ ಬಾಣಸಿಗನೂ ಕೂಡಿದ್ದರಿಂದಲೇ ಅದು ಮುಳುಗದೆ ಸಾಗಿದೆ.

ಮಿತ್ರರು ವಾದವನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ವಾದವಿಲ್ಲದಿದ್ದರೆ ಬಸ್ಸಿನ ದಾರಿ ಸಾಗುವುದೇ ಕಷ್ಟ! ವಾದಿಸುವಾಗ 'ಇವನು ಯಾರ ಮಗ?' ಎಂಬ ಪ್ರಶ್ನೆಯ ಜೊತೆಗೆ 'ಇವನಿಗೆ ಕಲಿಸಿದವರು ಯಾರು? ಇವನು ಯಾರಿಗೆ ಕಲಿಸಿದ?' ಎಂಬುದನ್ನೂ ಕೇಳಬೇಕೆಂಬುದಷ್ಟೇ ನನ್ನ ವಿನಂತಿ. ನಮ್ಮದು ಸರ್ಕಾರಿ ಕಾಲೇಜು. ಇಲ್ಲಿಗೆ ಬರುವ ನಮ್ಮಲ್ಲಿ ಅನೇಕರಿಗೆ ಮನೆಯಲ್ಲಿ ಪುಸ್ತಕದ ಕಪಾಟಿಲ್ಲ, ಅರ್ಜಿ ತುಂಬಿಕೊಡುವ ಅಣ್ಣನಿಲ್ಲ. ಆದರೆ ತರಗತಿಯಲ್ಲಿ ಗುರುಗಳು ಪಂಪನ ಒಂದು ಪದ್ಯವನ್ನು ಬಿಡಿಸಿ ಹೇಳಿದ ದಿನ ನಾವು ಸಾವಿರ ವರ್ಷ ಹಳೆಯದಾದ ಒಂದು ವಂಶಕ್ಕೆ ಸೇರಿದೆವು. ಅದನ್ನು ಯಾವ ಕಚೇರಿಯವರೂ ಪಕ್ಕಕ್ಕೆ ಸರಿಸಲಾರರು.

ಈ ವರ್ಷ ಕಾಲೇಜನ್ನು ಬಿಡುತ್ತಿರುವ ನಾವು ನಮ್ಮ ಟಿಪ್ಪಣಿ ಪುಸ್ತಕಗಳನ್ನು ತೂಕಕ್ಕೆ ಹಾಕದೆ ಮೊದಲ ವರ್ಷದವರಿಗೆ ಕೊಟ್ಟುಹೋಗೋಣ. ವಿದ್ಯಾರ್ಥಿವೇತನದ ಅರ್ಜಿ ತುಂಬಲು ತಿಳಿಯದೆ ನಿಂತ ಹುಡುಗನ ಪಕ್ಕದಲ್ಲಿ ಹತ್ತು ನಿಮಿಷ ಕೂರೋಣ. ಮುಂದೆ ಅವನು ಎಲ್ಲಿಯೋ ಗೆದ್ದಾಗ ಜನರು ಅವನ ಮುತ್ತಜ್ಜನನ್ನು ಹುಡುಕಲಿ. ಅವನಿಗಂತೂ ತನಗೆ ದಾರಿ ತೋರಿಸಿದವರು ಯಾರೆಂಬುದು ತಿಳಿದಿರುತ್ತದೆ.