ಸಗಣಿ ಕೊಟ್ಟರೆ ಬಗ್ಗಡ ಯಾರ ಹೊಲಕ್ಕೆ?

ಸಗಣಿಯಿಂದ ಅನಿಲ ತೆಗೆದು, ಶುದ್ಧಿ ಮಾಡಿ, ಒತ್ತಡದಲ್ಲಿ ಸಿಲಿಂಡರಿಗೆ ತುಂಬಿ ವಾಹನ ಓಡಿಸುವ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಕೇಂದ್ರ ಸರ್ಕಾರ 2018ರಲ್ಲಿ 'ಸತತ್' ಯೋಜನೆ ಸಾರಿದಾಗ 5,000 ಸ್ಥಾವರಗಳ ಗುರಿಯಿತ್ತು. ಗುರಿಯ ವರ್ಷವಾದ 2023-24 ಮುಗಿದಾಗ ಅದರ ಸಣ್ಣದೊಂದು ಪಾಲು ಮಾತ್ರ ಎದ್ದು ನಿಂತಿತ್ತು. ಆದರೆ ವಾಹನಗಳಿಗೂ ಮನೆಗಳಿಗೂ ಮಾರುವ ಅನಿಲದಲ್ಲಿ 2025-26ರಿಂದ ಶೇಕಡಾ 1ರಷ್ಟು, 2028-29ರಿಂದ ಶೇಕಡಾ 5ರಷ್ಟು ಜೈವಿಕ ಅನಿಲ ಸೇರಿರಬೇಕೆಂಬ ಕಟ್ಟಳೆ ಬಂದಿರುವುದರಿಂದ, ಹೈನುಗಾರಿಕೆಗೆ ಹೆಸರಾದ ನಮ್ಮ ಸೀಮೆಯ ಮೇಲೂ ಕಂಪನಿಗಳ ಕಣ್ಣು ಬೀಳದಿರದು. ಸಗಣಿ ಕೊಳ್ಳುವವರು ಬಾಗಿಲಿಗೆ ಬರುವ ಮುನ್ನವೇ ರೈತರು ಲೆಕ್ಕ ಹಾಕಿಕೊಳ್ಳುವುದು ಮೇಲು.

25 ಕಿಲೋ ಸಗಣಿಯಿಂದ ಸುಮಾರು 1 ಘನ ಮೀಟರ್ ಅನಿಲ ಬರುತ್ತದೆ. ಅದರಲ್ಲಿ ಉರಿಯುವ ಮೀಥೇನ್ ಶೇಕಡಾ 55-60 ಮಾತ್ರ. ಶುದ್ಧಿ ಮಾಡಿದ ಅನಿಲ ದಿನಕ್ಕೆ 1 ಟನ್ ಬೇಕಾದರೆ 50-60 ಟನ್ ಸಗಣಿ ಬೇಕು. ಹಸುವೊಂದಕ್ಕೆ 10-12 ಕಿಲೋ ಎಂದರೂ ಐದು ಸಾವಿರ ಹಸುಗಳ ಸಗಣಿ! ಇಷ್ಟನ್ನು ಊರೂರು ತಿರುಗಿ ಟ್ರಾಕ್ಟರಿನಲ್ಲಿ ಹೇರಿ ತರುವ ಡೀಸೆಲ್ ಖರ್ಚನ್ನು ಯಾರೂ ಮರೆಯಬಾರದು.

ಇದೇ ಸಗಣಿ ಮನೆಯ ಹಿತ್ತಿಲಲ್ಲಿ ಏನು ಮಾಡೀತು ನೋಡಿ. 2 ಘನ ಮೀಟರಿನ ಗೋಬರ್ ಗ್ಯಾಸ್ ಗುಂಡಿಗೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಕಟ್ಟಿ ಮೇಯಿಸುವ ನಾಲ್ಕು ಸೀಮೆಹಸು ಇದ್ದರೆ ಸಾಕು. ಎರಡೇ ಇದ್ದರೆ 1 ಘನ ಮೀಟರಿನದು ಕಟ್ಟಿಸಬಹುದು. ಪೂರ್ತಿ ನಡೆದರೆ 2 ಘನ ಮೀಟರಿನ ಗುಂಡಿ ಹದಿನಾರು ದಿನಕ್ಕೆ ಒಂದು ಅಡಿಗೆ ಸಿಲಿಂಡರಿನಷ್ಟು ಉರಿ ಕೊಡುತ್ತದೆ, ಬಗ್ಗಡ ಹಿಪ್ಪುನೇರಳೆ ತೋಟಕ್ಕೇ ಹೋಗುತ್ತದೆ. ಪಕ್ಕದ ಬಾಗೇಪಲ್ಲಿಯ ಕೂಲಿ ಸಂಘದವರು ಇಂತಹ 5,500 ಗುಂಡಿಗಳ ಯೋಜನೆಯನ್ನು 2005ರಲ್ಲಿ ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಲ್ಲಿ ನೋಂದಾಯಿಸಿ, ಉಳಿಸಿದ ಹೊಗೆಯನ್ನೇ ಮಾರಿ ಹಣ ತರುವ ದಾರಿ ತೋರಿದ್ದಾರೆ.

ತೊಡಕುಗಳಿಲ್ಲವೆಂದಲ್ಲ. ಸಿಲಿಂಡರು ಮನೆಗೆ ಬಂದ ಮೇಲೆ ಎಷ್ಟೋ ಗುಂಡಿಗಳು ಪಾಳು ಬಿದ್ದವು. ಬೆಳಗಾದರೆ ಸಗಣಿ ಕಲಸುವವಳು ಮನೆಯ ಹೆಣ್ಣುಮಗಳು. ಆಕೆಯನ್ನು ಕೇಳದೆ ಗುಂಡಿ ಕಟ್ಟಿಸಿದರೆ ಅದು ನಡೆಯದು. ಇನ್ನು ನೀರು. ವರ್ಷವಿಡೀ ಹರಿಯುವ ನದಿಯಿಲ್ಲದ ನಾಡಿನಲ್ಲಿ ದಿನಕ್ಕೆ 50 ಲೀಟರ್ ಎಂದರೆ ಹುಡುಗಾಟವಲ್ಲ. ಕೊಟ್ಟಿಗೆ ತೊಳೆದ ನೀರನ್ನೂ ಗಂಜಲವನ್ನೂ ಬಳಸಿ ಅದರಲ್ಲಿ ಬಹಳಷ್ಟನ್ನು ಉಳಿಸಬಹುದು. ಶಿಡ್ಲಘಟ್ಟದ ರೇಷ್ಮೆ ರೈತರು ಮಾತ್ರ ಹುಳು ಮನೆ ತೊಳೆದ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ನೀರನ್ನು ತಪ್ಪಿಯೂ ಗುಂಡಿಗೆ ಬಿಡಬಾರದು. ಅನಿಲ ಮಾಡುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಅನಿಲ ಇಳಿಯುವುದು ಸಹಜ, ಬಿಸಿಲಿಗಿಟ್ಟ ನೀರಿನಲ್ಲಿ ಕಲಸಿದರೆ ಸ್ವಲ್ಪ ಸುಧಾರಿಸುತ್ತದೆ.

ಹಾಗಾದರೆ ದೊಡ್ಡ ಸ್ಥಾವರ ಬೇಡವೆ? ಬೇಕು, ಆದರೆ ಅದರ ಮೇವು ಬೇರೆ ಇರಲಿ. ಚಿಂತಾಮಣಿ ಮಾರುಕಟ್ಟೆಯಲ್ಲಿ ಬೆಲೆ ಬಿದ್ದಾಗ ಸುರಿದು ಹೋಗುವ ಟೊಮ್ಯಾಟೊ, ಚಿಕ್ಕಬಳ್ಳಾಪುರದ ಹೂವು ತರಕಾರಿ ಕಸ, ಗೌರಿಬಿದನೂರು ಪಟ್ಟಣದ ಹಸಿಕಸ, ಇವು ಇಂದು ಕೊಳೆತು ನಾರುತ್ತಿವೆಯೇ ಹೊರತು ಯಾರ ಹೊಲಕ್ಕೂ ಆಸರೆಯಾಗಿಲ್ಲ. ಮೊದಲು ಅವನ್ನು ತಿನ್ನಲಿ.

ಸಗಣಿಯೂ ಬೇಕೆಂದರೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಪಾಠ ಕೇಳಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರ 'ಅಸ್ತ್ರ' ತಂಡ ಅಲ್ಲಿ ಮೊದಲು ಅಡಿಗೆಗೆ ಅನಿಲ ಕೊಡಹೊರಟಿತು, ಸಗಣಿ ಸಾಲಲಿಲ್ಲ. 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ ಊರಿಗೆ ಕುಡಿಯುವ ನೀರು, ದೀಪ ಕೊಟ್ಟಿತು. ಸಗಣಿ ತಂದವರಿಗೆ ಹೊತ್ತ ಕೂಲಿಯೂ ಸಿಕ್ಕಿತು, ಬಗ್ಗಡವೂ ಮರಳಿತು. ಸಾರಜನಕ ಅನಿಲದ ಜೊತೆ ಹೋಗುವುದಿಲ್ಲ, ಬಗ್ಗಡದಲ್ಲೇ ಉಳಿಯುತ್ತದೆಂಬುದನ್ನು ಆ ಊರಿನವರು ಬಲ್ಲರು.

ಆದ್ದರಿಂದ ಕರಾರಿಗೆ ರುಜು ಹಾಕುವ ಮುನ್ನ ಹಾಲಿನ ಸಂಘದ ಸಭೆಯಲ್ಲೇ ಕೇಳಬೇಕಾದದ್ದು ಸಗಣಿಯ ದರವೊಂದನ್ನೇ ಅಲ್ಲ. ಕೊಟ್ಟ ಸಗಣಿಗೆ ಎಷ್ಟು ಗೊಬ್ಬರ ಹಿಂತಿರುಗುತ್ತದೆ, ಅದು ನೀರು ಬಗ್ಗಡವೋ ಒಣ ಗೊಬ್ಬರವೋ, ಹೊಲದ ತನಕ ಸಾಗಿಸುವ ಬಾಡಿಗೆ ಯಾರದು, ಇವೆಲ್ಲ ಬರಹದಲ್ಲಿರಬೇಕು.