ಮದುವೆಯ ರೊಕ್ಕ

ಲಕಮನಹಳ್ಳಿಯ ನಮ್ಮ ಓಣಿಯ ಹುಡುಗಿಗೆ ಬೆಂಗಳೂರಿನಲ್ಲಿ ಡಿಜಿಟಲ್ ಮಾಧ್ಯಮ ಕಲೆಯ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿದೆ. “ಚಿತ್ರಾ ತಗಿಯೂದಕ್ಕ ಅಷ್ಟ್ಯಾಕ ಓದಬೇಕವ್ವಾ? ಆ ರೊಕ್ಕ ಮದುವಿಗೆ ಇರ್ಲಿ” ಎನ್ನುತ್ತಾರೆ ಮನೆಯವರು.

ಚಿತ್ರಕಲೆ ನಮಗೇನು ಹೊಸತೇ? ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಕಲಾಶಾಲೆ ತೆರೆದದ್ದು 1935ರಲ್ಲಿ. ಇನ್ನು ನಮ್ಮ ಕಸೂತಿ! ಗವಂತಿ, ಮುರಗಿ ಹಾಕುವಾಗ ಅಜ್ಜಿ ಎಳೆ ಎಣಿಸುತ್ತಿದ್ದಳು; ಒಂದೆಳೆ ತಪ್ಪಿದರೆ ತೇರು ಸೊಟ್ಟ. ಕಂಪ್ಯೂಟರ್ ಪರದೆಯ ಚಿತ್ರವೂ ಸಣ್ಣ ಚೌಕಗಳ ಲೆಕ್ಕವೇ. ಸೂಜಿ ಹಿಡಿದರೆ ಜಾಣೆ, ಮೌಸ್ ಹಿಡಿದರೆ ದಂಡವೇ?

ಶುಲ್ಕ ಹೆಚ್ಚು, ನಿಜ. ನೌಕರಿಯ ಖಾತ್ರಿಯಿಲ್ಲ, ಅದೂ ನಿಜ. ಆದರೆ ಅಣ್ಣನ ಎಂಜಿನಿಯರಿಂಗಿಗೆ ಸಾಲ ಮಾಡುವಾಗ ಖಾತ್ರಿ ಕೇಳಿದವರಾರು? ಮದುವೆಯ ರೊಕ್ಕ ಒಂದೇ ದಿನದ ಊಟಕ್ಕೆ ಕರಗುತ್ತದೆ. ಕಲಿತ ವಿದ್ಯೆ ಅವಳ ಕೈಯಲ್ಲೇ ಉಳಿಯುತ್ತದೆ. ತಾಯಂದಿರೇ, ಆ ಗಂಟನ್ನು ಈಗಲೇ ಬಿಚ್ಚಿರಿ.