ಬರಿದಾದ ಕೈಗೆ ಒಂದು ಕೆಲಸ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರ ಅಪೇಕ್ಷೆ. ಲೇಖನಿ ಹಿಡಿದಾಗ ಮೊದಲು ಕಣ್ಣೆದುರು ಬಂದವರು ನೆನಪನ್ನೇ ಕಳೆದುಕೊಂಡ ನನ್ನೊಬ್ಬ ಸಹೋದ್ಯೋಗಿ.

2001ರಲ್ಲಿ ನಾನು ಕಾಸರಗೋಡಿನ ಬೇರೊಂದು ಕನ್ನಡ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆ. ಅಲ್ಲಿಯ ಗಣಿತದ ಅಧ್ಯಾಪಕರಿಗೆ ಐವತ್ತರ ಪ್ರಾಯ. ಲೆಕ್ಕದಲ್ಲಿ ಎಂದೂ ಎಡವದವರು ಅಂಕಪಟ್ಟಿ ಕೂಡಿಸುವಲ್ಲಿ ತಪ್ಪತೊಡಗಿದರು. ಒಂದು ದಿನ ತಮ್ಮ ತರಗತಿ ಯಾವುದೆಂದು ತಿಳಿಯದೆ ಜಗಲಿಯಲ್ಲಿ ನಿಂತಿದ್ದರು. ಕುಡಿತವಿರಬೇಕೆಂದು ಕೆಲವರ ಪಿಸುಮಾತು. ನಾನು ಎರಡು ಬಾರಿ ಮೆಮೊ ಕೊಟ್ಟೆ. ಅದು ಡಿಮೆನ್ಶಿಯಾ ಎಂದು ವೈದ್ಯರು ಹೇಳಿದ್ದು ವರ್ಷ ಕಳೆದ ಮೇಲೆ. ಆ ಮೆಮೊಗಳಿಗೆ ರುಜು ಹಾಕಿದ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮರೆವು ಮುಪ್ಪಿನ ಸಹಜ ಧರ್ಮವೆಂದು ನಾವು ತಿಳಿದಿದ್ದೇವೆ. ಆದರೆ 1901ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಡಾ. ಆಲ್ಝೈಮರ್ ಪರೀಕ್ಷಿಸಿದ ಆ ಪ್ರಸಿದ್ಧ ರೋಗಿಗೆ ಕೇವಲ 51 ವರ್ಷ. ಅರುವತ್ತೈದರ ಒಳಗೆ ಈ ರೋಗ ಬಂದರೆ ಮನೆಯಲ್ಲಿ ಓದುವ ಮಕ್ಕಳಿರುತ್ತಾರೆ, ತೀರದ ಸಾಲವಿರುತ್ತದೆ. ಶರೀರ ಮಾತ್ರ ಗಟ್ಟಿಯಾಗಿರುತ್ತದೆ. ಮಾಡಲು ಕೆಲಸವಿಲ್ಲದೆ ಮನುಷ್ಯ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಾನೆ.

"ಮಾಸ್ಟ್ರೇ, ಮದ್ದು ಉಂಟು. ಹಗಲಿಡೀ ಇವರನ್ನು ಏನು ಮಾಡಲಿ?" ಎಂದು ಅವರ ಮಡದಿ ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಹೇಳಬಲ್ಲವರು ಆಕ್ಯುಪೇಷನಲ್ ಥೆರಪಿಸ್ಟರು. ಕಳೆದುಹೋದುದನ್ನು ಅವರು ಮರಳಿಸಲಾರರು. ಉಳಿದಿರುವ ಶಕ್ತಿ ಯಾವುದೆಂದು ಮನೆಗೆ ಬಂದು ನೋಡುತ್ತಾರೆ. ಸ್ನಾನವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಒಮ್ಮೆಗೆ ಒಂದೇ ಮಾತು ಹೇಳುವುದನ್ನು ಕಲಿಸುತ್ತಾರೆ. ಬಚ್ಚಲಿನ ಬಾಗಿಲಿಗೆ ಚಿತ್ರ ಅಂಟಿಸುತ್ತಾರೆ. ಉಡುವ ಬಟ್ಟೆಯನ್ನು ಉಡುವ ಕ್ರಮದಲ್ಲೇ ಜೋಡಿಸಿಡಿಸುತ್ತಾರೆ. ಅದಕ್ಕಿಂತ ಮುಖ್ಯವಾಗಿ, ನೋಡಿಕೊಳ್ಳುವವರಿಗೆ ಉಸಿರಾಡಲು ಬಿಡುವು ದೊರಕುವಂತೆ ದಿನಚರಿಯನ್ನು ರೂಪಿಸುತ್ತಾರೆ. ನೆದರ್ಲೆಂಡ್ಸಿನಲ್ಲಿ 135 ಮಂದಿ ವೃದ್ಧ ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ವಾರಗಳಲ್ಲಿ ಹತ್ತು ಭೇಟಿಗಳಿಂದಲೇ ರೋಗಿಗಳ ದಿನನಿತ್ಯದ ಕೆಲಸಗಳು ಸುಧಾರಿಸಿದವು, ಮನೆಯವರಿಗೂ ಧೈರ್ಯ ಬಂದಿತು. ಎಳೆಯ ಪ್ರಾಯದವರಿಗೆ ಇದು ಬೇಡವೆನ್ನಲು ನನಗೆ ಕಾರಣ ಕಾಣದು.

ಗಡಿನಾಡಿನ ನಮಗೆ ಇನ್ನೊಂದು ತೊಡಕುಂಟು. ಈ ರೋಗದಲ್ಲಿ ನಡುವೆ ಕಲಿತ ಭಾಷೆ ಮೊದಲು ಜಾರಿ, ತಾಯಿನುಡಿ ಉಳಿಯುವುದು ಅನೇಕರಲ್ಲಿ ಕಂಡಿದೆ. ನಮ್ಮ ಮಾಸ್ತರರ ಮಲಯಾಳ ಹೋಯಿತು, ಆಮೇಲೆ ಕನ್ನಡವೂ ತೆಳುವಾಯಿತು, ತುಳು ಉಳಿಯಿತು. ಅಂಥವರಿಗೆ ಮಲಯಾಳದಲ್ಲಿ ಸೂಚನೆ ಕೊಟ್ಟು, "ರೋಗಿ ಸಹಕರಿಸುವುದಿಲ್ಲ" ಎಂದು ಬರೆದಿಡುವುದು ಅನ್ಯಾಯ.

ಕೇರಳದಲ್ಲಿ ಪಂಚಾಯತಿನ ಪಾಲಿಯೇಟಿವ್ ದಾದಿಯರು ಮನೆಮನೆಗೆ ಬರುತ್ತಾರೆ. ಇದು ನಮ್ಮ ಭಾಗ್ಯ. ನಮ್ಮ ಹಳೆ ವಿದ್ಯಾರ್ಥಿ ಸಂಘವು ಮಹೋತ್ಸವದ ಉಳಿಕೆ ಹಣದಿಂದ ಇನ್ನೊಂದು ಮಹಾದ್ವಾರ ಕಟ್ಟಿಸುವ ಬದಲು, ಒಬ್ಬ ಥೆರಪಿಸ್ಟರನ್ನು ಕರೆಸಿ ಈ ದಾದಿಯರಿಗೂ ಮನೆಯವರಿಗೂ ಕನ್ನಡ ತುಳುಗಳಲ್ಲಿ ತರಬೇತಿ ಕೊಡಿಸಲಿ. (ಮಹಾದ್ವಾರದ ಸಮಿತಿಯವರು ಕ್ಷಮಿಸಬೇಕು.) ಇನ್ನು ಮುಖ್ಯೋಪಾಧ್ಯಾಯರಾಗಿರುವವರು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 20ನೆಯ ಸೆಕ್ಷನ್ ಓದಿಕೊಳ್ಳಲಿ: ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೊಳಗಾದ ಸರಕಾರಿ ನೌಕರನನ್ನು ತೆಗೆದುಹಾಕುವಂತಿಲ್ಲ.

ಆ ತಾಯಿ ಯಾರೂ ಕಲಿಸದೆ ತಾನೇ ಒಂದು ದಾರಿ ಕಂಡುಕೊಂಡಿದ್ದರು. ನಾನು ಕೊನೆಯ ಸಲ ಹೋದಾಗ ಮಾಸ್ತರರು ಅಂಗಳದಲ್ಲಿ ಕುಳಿತು ಒಣ ಅಡಿಕೆಯ ರಾಶಿಯಿಂದ ಕರಿಗೋಟನ್ನು ಬೇರ್ಪಡಿಸುತ್ತಿದ್ದರು. ನನ್ನ ಗುರುತು ಹತ್ತಲಿಲ್ಲ. ಆದರೂ ಪಕ್ಕಕ್ಕೆ ಸರಿದು, ನನ್ನ ಮುಂದೆಯೂ ಒಂದು ಬುಟ್ಟಿ ಇಟ್ಟರು.